ಕೊಟ್ಟಿಗೆಯ ಸಣ್ಣ ಕರೆಂಟು

ಸಿಂಗಾಪುರ,
ಬೆಂಗಳೂರು.
ಶುಕ್ರವಾರ, ೧೯ ಜನವರಿ ೨೦೨೪

ನನ್ನ ಚಿಕ್ಕ ಮಗ ಮಹೇಂದ್ರನಿಗೆ,

ನಿನ್ನ ತಾಯಿ ಸೊಣ್ಣಮ್ಮನ ಆಶೀರ್ವಾದ. ಈ ಮಾತು ಮೊದಲ ಸಲಕ್ಕೇ ಬಂತು ಎಂದುಕೊಳ್ಳಬೇಡ. ಮೊದಲು ಬರೆದದ್ದು ಬೇರೆ. ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿರುವ ನಿನ್ನ ಹೆಂಡತಿ ರಾಣಿ ಅದನ್ನು ಓದಿ, "ಅತ್ತೆ, ಇಂಗೆಲ್ಲಾ ಬೈದ್ರೆ ಅವರು ಎರಡನೇ ಸಾಲೇ ಓದಲ್ಲ" ಅಂದಳು. ಆ ಹಾಳೆಯನ್ನು ಹರಿದು ನೀರೊಲೆಗೆ ಹಾಕಿದೆ. ಇದು ಎರಡನೆಯದು. ಒಂದೊಂದು ಸಾಲನ್ನೂ ಅವಳು ಬಗ್ಗಿ ಬಗ್ಗಿ ಓದುತ್ತಿದ್ದಾಳೆ, ಹಾಗಾಗಿ ಮರ್ಯಾದೆಯಾಗಿ ಬರೆಯುತ್ತಿದ್ದೇನೆ.

ಹೇಗಿದ್ದೀಯ? ಚಳಿಗೆ ಎದೆ ಕಟ್ಟಿಕೊಂಡಿದೆಯೇ? ಹೊಟ್ಟೆಗೆ ಏನು ತಿನ್ನುತ್ತಿದ್ದೀಯ? ಹುಣಸಮಾರನಹಳ್ಳಿಯಲ್ಲಿ ಯಾರದೋ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಮಲಗುತ್ತಿದ್ದೀಯ, ಮೊಬೈಲು ಆಫ್ ಮಾಡಿ ಬಿಸಾಕಿದ್ದೀಯ ಎಂದು ನಿನ್ನ ಸ್ನೇಹಿತ ವಿಜಯ್ ಕುಮಾರ್ ಹೇಳಿದ. ಬೆನ್ನಿನ ಬಾಸುಂಡೆ ಇಳಿಯಿತೇ? ಅದು ನನ್ನ ಏಟು. ಹೊಡೆಯುವಾಗ ಕೈ ತಡೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಬಿಸಿ ಮಾಡಿ ಹಚ್ಚಿಸಿಕೋ. ಜೇಬಿನಲ್ಲಿರುವ ಆ ಬಿಳಿ ಬಟ್ಟೆ ಪ್ಲಾಸ್ಟರನ್ನು ಮೇಲೆ ಅಂಟಿಸಿಕೊಂಡು ವಾಸಿಯಾಯಿತು ಎನ್ನಬೇಡ. ನಿನಗೆ ಎಲ್ಲಕ್ಕೂ ಅದೊಂದೇ ಮದ್ದು. ಉಳಿ ತಾಗಿದ ಬೆರಳಿಗೂ ಅದೇ, ಗರಗಸದ ಹಿಡಿಗೂ ಅದೇ, ನಿಮ್ಮಪ್ಪನ ಕನ್ನಡಕದ ಮುರಿದ ಕಾಲಿಗೂ ಅದೇ. ನಿನ್ನ ಬೆನ್ನಿನ ಮೇಲೆ ಮುರಿದದ್ದು ನನ್ನ ಮುದ್ದೆ ಕೋಲು ಎಂಬುದಾದರೂ ಗೊತ್ತೇ? ಅವತ್ತಿನಿಂದ ಮನೆಯಲ್ಲಿ ಮುದ್ದೆಯಿಲ್ಲ. ಅಂಗಡಿಯಲ್ಲಿ ಸಿಗುವ ಕೋಲಿಗೆ ಹಿಟ್ಟು ಅಂಟುತ್ತದೆ, ಅದು ನನಗೆ ಬೇಡ. ನಿಮ್ಮಪ್ಪ ದಿನಾ ಅನ್ನ ನೋಡಿದ ಕೂಡಲೇ ತಟ್ಟೆ ಎಸೆಯುತ್ತಾರೆ, ಆಮೇಲೆ ತಾವೇ ಎತ್ತಿಕೊಂಡು ತಿನ್ನುತ್ತಾರೆ.

ಈಗ ಸಮಾಚಾರಕ್ಕೆ ಬರುತ್ತೇನೆ. ನಿಮ್ಮಣ್ಣ ನಂದಕುಮಾರ ಸತ್ತಿಲ್ಲ. ನಿನಗೆ ಅದು ಖುಷಿಯ ಸುದ್ದಿಯೋ ದುಃಖದ ಸುದ್ದಿಯೋ ನನಗೆ ತಿಳಿಯದು, ಹೆತ್ತವಳಿಗೆ ಮಾತ್ರ ಹೋದ ಜೀವ ಬಂದ ಹಾಗಾಗಿದೆ. ಬಲಗೈ ಮೊಣಕೈಯಿಂದ ಕೆಳಗೆ ಮುರಿದಿದೆ, ಕಟ್ಟು ಹಾಕಿದ್ದಾರೆ. ಹಣೆಗೆ ಹೊಲಿಗೆ ಬಿದ್ದಿದೆ, ಎಡಗಣ್ಣು ಊದಿಕೊಂಡು ಇನ್ನೂ ಸರಿಯಾಗಿ ತೆರೆಯುವುದಿಲ್ಲ. ಏಟು ಇನ್ನೊಂದು ಬೆರಳಗಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದು ಡಾಕ್ಟರು ನನ್ನ ಮುಖಕ್ಕೆ ಹೇಳಿದರು. ಆಸ್ಪತ್ರೆಯವರು ತಿಳಿಸಿದ್ದಕ್ಕೆ ಪೊಲೀಸಿನವನೊಬ್ಬ ಬಂದಿದ್ದ. ಯಾರು ಹೊಡೆದದ್ದು ಎಂದು ಕೇಳಿದ. "ಯಾರೂ ಒಡೀಲಿಲ್ಲ ಸಾರ್, ಏಣಿಯಿಂದ ಬಿದ್ದೆ" ಅಂದ ನಿಮ್ಮಣ್ಣ. ಕುತ್ತಿಗೆಯಲ್ಲಿ ನಿನ್ನ ಉಗುರಿನ ಗೀರು ಎದ್ದು ಕಾಣುತ್ತಿತ್ತು, ಏಣಿಗೆ ಉಗುರಿರುತ್ತದೆಯೇ? ಪೊಲೀಸಿನವನು ನನ್ನನ್ನು ನೋಡಿದ, ನಾನು ಫ್ಯಾನು ನೋಡಿದೆ. ಬರೆದುಕೊಂಡು ಹೋದ. ಇಷ್ಟು ಮಾಡಿದ ಅಣ್ಣನನ್ನು ನೀನು "ಭಾನುವಾರ ಬಂದು ಮುಗಿಸ್ತೀನಿ" ಎಂದಿದ್ದೀಯಂತೆ. ಲಾಂಗು ಮಚ್ಚು ತರಿಸಿ, ಅದಕ್ಕೆ ಸಾಣೆ ಹಿಡಿಸಿಕೊಂಡು, ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೀಯಂತೆ. ಇದನ್ನು ಹೇಳಿದ ವಿಜಯ್ ಕುಮಾರನೇ ಕಾಗದ ಬರೆದುಕೊಟ್ಟರೆ ಒಯ್ದು ನಿನಗೆ ಕೊಡುತ್ತೇನೆ ಎಂದ. ಅದಕ್ಕೇ ಈ ಕಾಗದ. ಭಾನುವಾರಕ್ಕೆ ಮುಂಚೆ ನೀನು ಇದನ್ನು ಕೊನೆಯ ಸಾಲಿನವರೆಗೂ ಓದಬೇಕು.

ಅವತ್ತು ನೀನು ನೋಡಿದ್ದು ಕೊನೆಯನ್ನು ಮಾತ್ರ. ಮೊದಲು ನಡೆದದ್ದನ್ನು ರಾಣಿ ಹೇಳಿದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ಅವಳೇ ನನ್ನ ಕೈ ತಟ್ಟುತ್ತಾಳೆ. ಸಂಕ್ರಾಂತಿ ಹತ್ತಿರ ಬಂತೆಂದು ಅವಳು ನಿನ್ನ ಕೊಟ್ಟಿಗೆ ಒರೆಸಲು ಹೋದಳು. ಕೊಟ್ಟಿಗೆ ಎಂದರೆ ನಿನಗೆ ಕೋಪ ಬರುತ್ತದೆ, ವರ್ಕ್‌ಶಾಪ್ ಎನ್ನಬೇಕು. ಆಗಲಿ. ಬೆಂಚಿನ ಹಿಂದೆ ನಿನ್ನ ಲೈಟಿನ ವೈರುಗಳು ಜಡೆ ಕಟ್ಟಿಕೊಂಡು ನೇತಾಡುತ್ತಿದ್ದವಲ್ಲ, ಒದ್ದೆ ಬಟ್ಟೆ ಹಿಡಿದ ಕೈಯಲ್ಲೇ ಆ ಕಂತೆಯನ್ನು ಎತ್ತಿದಳು. ಹೆದರಲಿಲ್ಲ, ಯಾಕೆಂದರೆ ನೀನೇ ಹೇಳಿದ್ದೆ. ನಮ್ಮ ಸೀಮೆಹಸು ಅದೇ ಕೊಟ್ಟಿಗೆಯಲ್ಲಿ ಕರೆಂಟು ಹೊಡೆದು ನಾಲ್ಕೂ ಕಾಲು ಚಾಚಿ ಸತ್ತ ಮೇಲೆ ನಿಮ್ಮಪ್ಪ ಒಳಗೆ ಬಲ್ಬು ಹಾಕಲು ಬಿಡಲಿಲ್ಲ. ನೀನು ಮರದ ದೇವರ ಮಂಟಪ ಮಾಡುವ ಕೆಲಸ ಶುರು ಮಾಡಿದಾಗ ಅಡಾಪ್ಟರು ಡಬ್ಬಿ ತಂದು, ಪಟ್ಟಿ ಲೈಟು ಹಾಕಿ, "ಇದು ಹನ್ನೆರಡೇ ವೋಲ್ಟು ಕಣಮ್ಮ, ಸಣ್ಣ ಕರೆಂಟು, ಬಾಯಲ್ಲಿ ಕಚ್ಚಿದ್ರೂ ಏನೂ ಆಗಲ್ಲ" ಎಂದು ನಮ್ಮೆಲ್ಲರ ಮುಂದೆ ಕೈಯಲ್ಲಿ ಹಿಡಿದು ತೋರಿಸಿದೆ. ಆ ಮಾತನ್ನು ನಂಬಿಕೊಂಡೇ ಅವಳು ಕೈ ಹಾಕಿದಳು.

ನಂದಕುಮಾರ ಹೊರಗೆ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಕೊಟ್ಟಿಗೆ ಕೆಡವಿ ಪಿಜಿ ಕಟ್ಟಿಸುವ ಹುಚ್ಚು ಅವನಿಗೆ ಇದೆ, ಇಲ್ಲ ಎನ್ನುವುದಿಲ್ಲ. ದೀಪಾವಳಿಯಲ್ಲಿ ಅದಕ್ಕೇ ನಿಮ್ಮಿಬ್ಬರಿಗೂ ಹತ್ತಿಕೊಂಡಿತ್ತು. ಅವನು ನಿನ್ನ ಮಂಟಪವೊಂದನ್ನು ಕಾಲಿನಲ್ಲಿ ಒದ್ದು ಶಿಖರ ಮುರಿದ, ನೀನು "ಈ ಗೋಡೆ ಮೇಲೆ ಕೈ ಇಟ್ರೆ ಕೈ ಕಡೀತೀನಿ" ಅಂದೆ. ಇಬ್ಬರೂ ಒಂದೇ ಹೊಟ್ಟೆಯ ರಾಕ್ಷಸರು. ಅಳೆಯುತ್ತಾ ಅಳೆಯುತ್ತಾ ಒಳಗೆ ಬಂದವನಿಗೆ ಕತ್ತಲೆ ಅನ್ನಿಸಿ, "ರಾಣಿ, ಲೈಟ್ ಆಕ್ತೀನಮ್ಮ" ಎಂದು ಬಾಗಿಲ ಪಕ್ಕದ ಬೋರ್ಡಿನ ಸ್ವಿಚ್ಚುಗಳನ್ನೆಲ್ಲಾ ಸಾಲಾಗಿ ಒತ್ತಿದ. ಯಾವುದು ಯಾವುದರದು ಎಂದು ಆ ಬೋರ್ಡಿನಲ್ಲಿ ಯಾರಿಗೆ ಗೊತ್ತಿತ್ತು? ನಿನಗೇ ಗೊತ್ತಿರಲಿಲ್ಲ. ಒತ್ತಿದ್ದೇ ತಡ, ರಾಣಿ ಅರಚಿಕೊಂಡಳು. ಕೈ ವೈರಿಗೆ ಕಚ್ಚಿಕೊಂಡು ಮೈಯೆಲ್ಲಾ ಕಡೆಗೋಲಿನ ಹಾಗೆ ಅಲ್ಲಾಡುತ್ತಿತ್ತಂತೆ. ನಿಮ್ಮಣ್ಣ ಬೋರ್ಡಿನಿಂದ ಪಿನ್ನನ್ನು ಕಿತ್ತು, ಅಲ್ಲಿಂದಲೇ ಆ ವೈರನ್ನು ಅವಳ ಕೈಯಿಂದ ಎಳೆದು ಎಸೆದ. ಅವಳು ಮರದ ಹೊಟ್ಟಿನ ರಾಶಿಯ ಮೇಲೆ ಬಿದ್ದಳು. ಅವನು ತಿರುಗುವಷ್ಟರಲ್ಲಿ ಬಾಗಿಲಲ್ಲಿ ನೀನು. ಹೆಂಡತಿ ನೆಲದ ಮೇಲೆ, ಅಣ್ಣನ ಕೈ ಬೋರ್ಡಿನ ಮೇಲೆ. ಕೊಟ್ಟಿಗೆಯ ಆಸೆಗೆ ಅವನೇ ಅವಳಿಗೆ ಕರೆಂಟು ಕೊಟ್ಟ ಎಂದು ನೀನು ತಿಳಿದುಕೊಂಡೆ.

ಒಂದು ಮಾತು ಕೇಳಬಾರದಿತ್ತೇನೋ? "ಏನಾಯ್ತು" ಎಂಬ ಒಂದೇ ಒಂದು ಮಾತು? ಕೊಡತಿ ಎತ್ತಿಕೊಂಡೆ. ಉಳಿಗೆ ಹೊಡೆಯುವ ಕೊಡತಿಯಲ್ಲಿ ಒಡಹುಟ್ಟಿದವನ ಮೂಳೆಗೆ ಹೊಡೆದೆ. ಆ ಸದ್ದು ಅಡುಗೆಮನೆಗೆ ಕೇಳಿಸಿತು ಮಹೇಂದ್ರ. ಕಟ್ಟಿಗೆ ಮುರಿದೆ ಎಂದುಕೊಂಡೆ ನಾನು. ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಿ ಕೋಲು ಹಿಡಿದಿದ್ದೆ, ಹಿಡಿದ ಹಾಗೇ ಓಡಿ ಬಂದೆ. ಬಂದು ನೋಡಿದರೆ ಅವನ ಮುಖದ ತುಂಬಾ ರಕ್ತ, ಆ ರಕ್ತದ ಮುಖದಲ್ಲೇ ಎಡಗೈಯಲ್ಲಿ ನಿನ್ನ ಗಂಟಲು ಹಿಡಿದು ಗೋಡೆಗೆ ಒತ್ತಿದ್ದಾನೆ, ನಿನ್ನ ನಾಲಿಗೆ ಹೊರಗೆ ಬಂದಿದೆ. ಯಾರನ್ನು ಬಿಡಿಸಲಿ, ಯಾರನ್ನು ಹೊಡೆಯಲಿ? ಇಬ್ಬರಿಗೂ ಬಾರಿಸಿದೆ. ಮೊದಲು ಅವನ ಮುರಿಯದ ಕೈಗೆ, ಅವನು ನಿನ್ನನ್ನು ಬಿಟ್ಟ. ನೀನು ಮತ್ತೆ ಕೊಡತಿಗೆ ಬಗ್ಗಿದೆ, ಆಗ ನಿನ್ನ ಬೆನ್ನಿಗೆ. ಕೋಲು ಮುರಿಯಿತು. ನಿಮ್ಮಪ್ಪನಂತೂ ಜಗುಲಿಯಿಂದ ಏಳಲೇ ಇಲ್ಲ, "ಬಿಡೇ ಅವ್ರನ್ನ, ಒಬ್ಬರನ್ನೊಬ್ರು ಕೊಂದ್ಕಳ್ಳಿ, ತಿಥಿ ಒಂದೇ ಸಲ ಮಾಡ್ತೀನಿ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ನೀನು ಬೈಕು ಹತ್ತಿ ಹೋದೆ. ನಿನ್ನ ಹೆಂಡತಿ ಬದುಕಿದ್ದಾಳೋ ಇಲ್ಲವೋ ಎಂದು ತಿರುಗಿ ಸಹ ನೋಡಲಿಲ್ಲ. ಅವಳು ಬದುಕಿದ್ದಾಳೆ. ಅಂಗೈ ಸುಟ್ಟು ಕಪ್ಪಾಗಿತ್ತು, ಈಗ ಸಿಪ್ಪೆ ಏಳುತ್ತಿದೆ. ಎಡಗೈಯಲ್ಲೇ ಅವರೆಕಾಯಿ ಬಿಡಿಸುತ್ತಿದ್ದಾಳೆ.

ಮಾರನೆಯ ಬೆಳಿಗ್ಗೆ ನಿಮ್ಮಪ್ಪ ಮುನಿಆಂಜಿನಪ್ಪನವರು ಮಚ್ಚು ಹಿಡಿದು ಕೊಟ್ಟಿಗೆಗೆ ಹೊರಟರು. ವೈರನ್ನೆಲ್ಲಾ ಕತ್ತರಿಸಿ ಬೆಂಕಿ ಹಚ್ಚುತ್ತೇನೆ ಎಂದು. ಈ ವಯಸ್ಸಿನಲ್ಲಿ ಅವರ ಕೈಯಿಂದ ಮಚ್ಚು ಕಸಿಯುವುದಕ್ಕೆ ನಾನು ಅವರ ಕೈ ಕಚ್ಚಬೇಕಾಯಿತು. ಇದನ್ನು ಬರೆಯಬೇಡಿ ಅತ್ತೆ ಎನ್ನುತ್ತಿದ್ದಾಳೆ ರಾಣಿ, ಬರೆದಾಯಿತು. ಆ ಮಚ್ಚು ಈಗ ಅವರ ಮಂಚದ ಕೆಳಗಿದೆ. "ಬರ್ಲಿ ಅವನು, ಬಾಗ್ಲಲ್ಲೇ ಕಡ್ದಾಕ್ತೀನಿ" ಎನ್ನುತ್ತಾರೆ, ಗೇಟು ಸದ್ದಾದರೆ ಮಾತ್ರ ಮಹೇಂದ್ರನಾ ಎಂದು ಎದ್ದು ಕೂರುತ್ತಾರೆ. ಕರೆಂಟಿನವನನ್ನು ಕರೆಸೋಣ ಎಂದಳು ರಾಣಿ. ಬೇಡ ಎಂದೆ. ನಮ್ಮ ಮನೆಯ ರಕ್ತದ ಕಲೆ ನೋಡಿ ಹೊರಗಿನವನೊಬ್ಬ ಲೇಔಟಿಗೆಲ್ಲಾ ಸಾರುವುದು ಬೇಡ. ನಾನು ಮದುವೆಗೆ ಮುಂಚೆ ಯಶವಂತಪುರದಲ್ಲಿ ರೇಡಿಯೋ ಜೋಡಿಸುವ ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದೆನಲ್ಲ, ಅಲ್ಲಿ ಮೇಣ ಹಚ್ಚಿದ ದಾರದಲ್ಲಿ ವೈರು ಕಟ್ಟುವುದೇ ನನ್ನ ಕೆಲಸ. ಹೂ ಕಟ್ಟುವ ಗಂಟೇ ಅದು. ಅದಕ್ಕೇ ಅಲ್ಲಿ ಹೂ ಕಟ್ಟಲು ಬರುವ ಹುಡುಗಿಯರನ್ನೇ ತೆಗೆದುಕೊಳ್ಳುತ್ತಿದ್ದರು. ಮೊದಲು ಮೀಟರಿನ ಹತ್ತಿರ ಮೈನ್ ಇಳಿಸಿ, ಫ್ಯೂಸು ಕಿತ್ತು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಸ್ಟೂಲು ಹಾಕಿಕೊಂಡು ಕೂತೆ.

ಅಯ್ಯೋ, ಎಂಥ ಗೋಜಲು ಮಾಡಿಟ್ಟಿದ್ದೀಯೋ! ಒಂದು ಪಟ್ಟಿ ಲೈಟಿನ ವೈರು ಹಿಡಿದು ಬೆರಳು ಬಿಡದೆ ಹೋದರೆ ಅದು ಬೆಂಚು ಸುತ್ತಿ, ಕಿಟಕಿ ದಾಟಿ, ಎಲ್ಲಿಗೂ ಸೇರದೆ ಗೋಡೆಯಲ್ಲಿ ನಿಂತುಬಿಡುತ್ತಿತ್ತು. ಕೆಟ್ಟುಹೋದ ಲೈಟಿನ ವೈರೂ ಅಲ್ಲೇ, ಹೊಸದೂ ಅಲ್ಲೇ, ಮರ ಕೊಯ್ಯುವ ಮಿಷಿನ್ನಿನ ದಪ್ಪ ವೈರೂ ಅವುಗಳ ಮಧ್ಯೆಯೇ. ದೊಡ್ಡ ಕರೆಂಟು ಸಣ್ಣ ಕರೆಂಟು ಒಂದೇ ಹಾಸಿಗೆಯಲ್ಲಿ ಮಲಗಿದ್ದವು. ಬೈದುಕೊಂಡೇ ಬಿಡಿಸಿದೆ. ಸತ್ತ ವೈರುಗಳನ್ನೆಲ್ಲಾ ಕತ್ತರಿಸಿ ತೆಗೆದರೆ ಮಂಕರಿ ತುಂಬಿತು. ದೊಡ್ಡದನ್ನೆಲ್ಲಾ ಬಾಗಿಲ ಕಡೆಯ ಗೋಡೆಗೆ ಪೈಪಿನೊಳಗೆ ಹಾಕಿದೆ, ಸಣ್ಣದನ್ನು ಎದುರು ಗೋಡೆಗೆ ತಂದು ಹೂಮಾಲೆಯ ಹಾಗೆ ಗೇಣು ಗೇಣಿಗೆ ಗಂಟು ಹಾಕಿದೆ. ಅಡಾಪ್ಟರು ಡಬ್ಬಿಗಳನ್ನು ನೆಲದ ಹೊಟ್ಟಿನಿಂದ ಎತ್ತಿ ಹಲಗೆಗೆ ಕೂರಿಸಿ, ಯಾವ ಲೈಟಿನದು ಎಂದು ಹಳೇ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಕಟ್ಟಿದ್ದೇನೆ. ಸ್ವಿಚ್ಚಿನ ಮೇಲೂ ಅಂಟಿಸಿದೆ. ಕುರುಡನೂ ತಡವಿ ಲೈಟು ಹಾಕಬಹುದು. ಉಪ್ಪು ನೀರು ಹಾಕಿ ಉಜ್ಜಿದರೂ ಗೋಡೆಯ ರಕ್ತ ಮಾತ್ರ ಹೋಗಲಿಲ್ಲ, ಸುಣ್ಣ ಬಳಿಯಬೇಕು. ಅದನ್ನು ನೀನೇ ಬಂದು ಬಳಿ.

ಇನ್ನು ರಾಣಿಗೆ ಹೊಡೆದ ಕರೆಂಟು ಎಲ್ಲಿಂದ ಬಂತು ಎನ್ನುವುದು. ಆಯುಧಪೂಜೆಗೆ ನೀನು ಕಟ್ಟಿದ ಸೀರಿಯಲ್ ಸೆಟ್ಟಿನಿಂದ. ಅದು ದೊಡ್ಡ ಕರೆಂಟಿನದು, ಪಿನ್ನು ಬೋರ್ಡಿನಲ್ಲೇ ಇತ್ತು. ಪೂಜೆಗೆ ಕಟ್ಟಿದ್ದನ್ನು ಕೈಯಾರೆ ಕೀಳಬಾರದು, ಒಣಗಿ ತಾನಾಗಿ ಬೀಳಬೇಕು ಎಂಬುದು ನಿಮ್ಮಪ್ಪನ ಕಟ್ಟಳೆ. ಮಾವಿನೆಲೆ, ಚೆಂಡುಹೂ ಒಣಗಿ ಬಿದ್ದವು. ಪ್ಲಾಸ್ಟಿಕ್ಕಿನ ಬಲ್ಬು ಒಣಗುತ್ತದೆಯೇ? ಹಾಗೇ ಉಳಿಯಿತು. ಅದರ ವೈರನ್ನು ಇಲಿ ಕಡಿದು, ತಾಮ್ರ ಹೊರಗೆ ಬಂದು, ನಿನ್ನ ಸಣ್ಣ ಕರೆಂಟಿನ ಕಂತೆಯೊಳಗೆ ಸೇರಿಕೊಂಡಿತ್ತು. ಸ್ವಿಚ್ಚು ಆರಿದ್ದಷ್ಟು ದಿನ ಏನೂ ಆಗಲಿಲ್ಲ. ಅವತ್ತು ನಿಮ್ಮಣ್ಣ ತಿಳಿಯದೆ ಒತ್ತಿದ. ಅಷ್ಟೇ ನಡೆದದ್ದು. ಕೊಲ್ಲಬೇಕೆಂದು ಯಾರೂ ಏನೂ ಮಾಡಿಲ್ಲ. ಇಲಿ ಕಡಿದ ವೈರಿಗಾಗಿ ನೀನು ಅಣ್ಣನನ್ನು ಕಡಿಯುತ್ತೀಯಾ? ರಾಣಿ ಇದನ್ನು ಓದಿ ಕಣ್ಣೊರೆಸಿಕೊಂಡು, "ಭಾವ ಇಲ್ದಿದ್ರೆ ನಾನು ಅಲ್ಲೇ ಓಗ್ತಿದ್ದೆ ಅಂತ ಬರೀರಿ ಅತ್ತೆ" ಎನ್ನುತ್ತಿದ್ದಾಳೆ. ಬರೆದೆ.

ಆ ಲಾಂಗನ್ನು ಅಲ್ಲೇ ಬಾವಿಗೆ ಎಸೆ. ಎಸೆಯಲಾರೆ ಎಂದಾದರೆ ಭಾನುವಾರ ತೆಗೆದುಕೊಂಡೇ ಬಾ, ಬಾಗಿಲಲ್ಲಿ ಮೊದಲು ನಾನೇ ನಿಂತಿರುತ್ತೇನೆ. ನನ್ನನ್ನು ಕಡಿದು ಒಳಗೆ ಹೋಗು. ಇದು ಹೆದರಿಸಲು ಆಡಿದ ಮಾತಲ್ಲ, ನನ್ನ ಹಟ ನಿನಗೆ ಗೊತ್ತಿದೆ. ಬಂದು ನಿಮ್ಮಣ್ಣನ ಕಾಲು ಹಿಡಿ ಎಂದು ಸಹ ನಾನು ಹೇಳುವುದಿಲ್ಲ. "ಅವನು ಕಾಲಿಗೆ ಬಿದ್ರೆ ಮುಖಕ್ಕೆ ಒದೀತೀನಿ" ಅಂದಿದ್ದಾನೆ ಅವನೂ. ಸುಮ್ಮನೆ ಬಂದು ಅವನ ಎದುರು ಕೂತು ಊಟ ಮಾಡು. ಬಲಗೈ ಆಡದ ಅವನಿಗೆ ನಾನೇ ಕಲಸಿ ತಿನ್ನಿಸುತ್ತಿದ್ದೇನೆ, ಮೀಸೆ ಬಂದ ಮಗನಿಗೆ ತುತ್ತು ಕೊಡುವಾಗ ಅವನೂ ಅಳುತ್ತಾನೆ, ನಾನೂ ಅಳುತ್ತೇನೆ. ಬರುವಾಗ ಒಳ್ಳೆಯ ಮರದ ತುಂಡೊಂದನ್ನು ತಂದು ನನಗೆ ಮುದ್ದೆ ಕೋಲು ಕೆತ್ತಿಕೊಡು. ನೂರು ವರ್ಷ ಬಾಳು, ನಿನ್ನ ಕೈಗೆ ಮತ್ತೆ ರಕ್ತ ಅಂಟದಿರಲಿ. ನಿಮ್ಮಪ್ಪ ಏನು ತಿಳಿಸಬೇಕು ಎಂದು ಕೇಳಿದರೆ ಗೋಡೆ ಕಡೆ ತಿರುಗಿಕೊಂಡರು, ಅದನ್ನೂ ಆಶೀರ್ವಾದ ಎಂದೇ ತಿಳಿದುಕೋ.

ಇಂತಿ, ನಿನ್ನನ್ನು ಹೆತ್ತು, ಹೊಡೆದು, ಇನ್ನೂ ಕಾಯುತ್ತಿರುವ
ಅಮ್ಮ,
ಸೊಣ್ಣಮ್ಮ

ವಿ.ಸೂ.: ರಾಣಿ ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಕಾಗದ ಒಯ್ಯಲು ಬಂದ ವಿಜಯ್ ಕುಮಾರ್ ಗೇಟಿನಲ್ಲಿ ಹಾರನ್ ಬಾರಿಸುತ್ತಿದ್ದಾನೆ. ಬೇಗ ಬರೆಯುತ್ತೇನೆ. ಇಲಿ ಎಂದು ಬರೆದದ್ದು ಸುಳ್ಳು. ಲಕೋಟೆಯ ತಳದಲ್ಲಿ ವೈರಿನ ಒಂದು ತುಂಡು ಇಟ್ಟಿದ್ದೇನೆ, ತೆಗೆದು ನೋಡು. ಸೀರಿಯಲ್ ಸೆಟ್ಟಿನ ವೈರು ಅದು. ಕತ್ತರಿಯಲ್ಲಿ ಕತ್ತರಿಸಿ, ತುದಿಗೆ ಬಿಳಿ ಬಟ್ಟೆ ಪ್ಲಾಸ್ಟರ್ ಸುತ್ತಿದೆ. ಇಲಿ ಕಡಿಯುತ್ತದೆ, ಪ್ಲಾಸ್ಟರ್ ಸುತ್ತುವುದಿಲ್ಲ ಮಗನೇ. ಕತ್ತರಿಸಿಕೊಂಡ ಉಳಿದ ಭಾಗ ನಿನ್ನ ಮೂಲೆಯ ಮಂಟಪದ ಲೈಟಿನಲ್ಲಿ ಸಿಕ್ಕಿತು, ಅಲ್ಲೂ ಅದೇ ಪ್ಲಾಸ್ಟರ್. ಅಪ್ಪನ ಕಣ್ಣಿಗೆ ಬಲ್ಬು ನೇತಾಡುತ್ತಿದ್ದರೆ ಸಾಕೆಂದು ಅವನ್ನು ಬಿಟ್ಟು, ಕಳ್ಳತನದಲ್ಲಿ ವೈರು ಕತ್ತರಿಸಿಕೊಂಡು, ಪಿನ್ನು ಕೀಳದೆ ಮೋಟು ತುದಿಯನ್ನು ಕಂತೆಯೊಳಗೆ ತುರುಕಿದವನು ನೀನು. ಒದ್ದೆ ಬಟ್ಟೆ ತಾಗಿ ಆ ಪ್ಲಾಸ್ಟರ್ ನೆನೆಯಿತು. ಅದನ್ನು ಕಂಡ ಕೂಡಲೇ ರಾಣಿಗೆ ಕಾಣದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ನಿಮ್ಮಣ್ಣನ ಹತ್ತಿರ ಹೋದೆ. ಅವನು ನೋಡಿ ಬೆಚ್ಚಲಿಲ್ಲ. ಅವತ್ತು ರಾಣಿಯ ಕೈಯಿಂದ ಎಳೆದಾಗಲೇ ನೋಡಿದ್ದನಂತೆ. ನಿನ್ನ ಮೊದಲ ಏಟು ಬೀಳುವ ಮುಂಚೆಯೇ ಅವನಿಗೆ ಗೊತ್ತಿತ್ತು. ಆಮೇಲಾದರೂ ಯಾಕೋ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "ಗಂಡನ ಕೈಯಿಂದಾನೇ ಇಂಗಾಯ್ತು ಅಂತ ಗೊತ್ತಾದ್ರೆ ಆ ಉಡುಗಿ ಅವನ ಜೊತೆ ಎಂಗಮ್ಮಾ ಬಾಳ್ತಾಳೆ? ಬಿಸಾಕು ಅದನ್ನ" ಅಂದ. ಈಗ ಇದು ನಮ್ಮ ಮೂವರಿಗೆ ಮಾತ್ರ ಗೊತ್ತು. ರಾಣಿ ಮೆಟ್ಟಿಲು ಇಳಿಯುತ್ತಿದ್ದಾಳೆ. ಆ ತುಂಡನ್ನೂ ಈ ಹಾಳೆಯನ್ನೂ ಅಲ್ಲೇ ಸುಟ್ಟು, ಬರಿಗೈಯಲ್ಲಿ ಬಾ.